ಗೆದ್ದಾಗ ನಾವು, ಸಿಕ್ಕಿಬಿದ್ದಾಗ ಅವನು

(ಕಲಬುರಗಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಆಟಗಾರರ ಮುಂದೆ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಒಂದು ಪ್ರಶ್ನೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಟ್ರ್ಯಾಕ್ ಸೂಟ್ ಹಾಕಿಕೊಂಡು ಕೂತಿರುವ ಹುಡುಗಿಯರನ್ನು ನೋಡಿ ಖುಷಿಯಾಯಿತು. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಪ್ರಾಕ್ಟೀಸ್ ಮುಗಿಸಿ ಸೀದಾ ಇಲ್ಲಿಗೇ ಬಂದಿದ್ದಾರಂತೆ. ದಣಿದಿದ್ದೀರಿ, ಆದಷ್ಟು ಬೇಗ ಮುಗಿಸುತ್ತೇನೆ.

ನಾನು ಮೂವತ್ತು ವರ್ಷ ಈ ಜಿಲ್ಲೆಯ ಹೈಸ್ಕೂಲುಗಳಲ್ಲಿ ಪಿಟಿ ಮೇಷ್ಟ್ರಾಗಿದ್ದವನು. ಆಟಗಾರರ ಬಗ್ಗೆ ಮಾತಾಡಲು ಎಷ್ಟೋ ಜನ ಇದ್ದಾರೆ. ನಾನು ಇವತ್ತು ನೋಡುವವರ ಬಗ್ಗೆ ಮಾತಾಡುತ್ತೇನೆ. ನಾವು ತಲೆ ಮೇಲೆ ಹೊತ್ತುಕೊಂಡ ಆಟಗಾರ ತಪ್ಪು ಮಾಡಿ ಸಿಕ್ಕಿಬಿದ್ದಾಗ ನಾವು ಏನು ಮಾಡುತ್ತೇವೆ ಅನ್ನೋದು ನನ್ನ ವಿಷಯ.

ಒಂದು ಕುಸ್ತಿಯಿಂದ ಶುರು ಮಾಡುತ್ತೇನೆ.

ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ನಮ್ಮೂರ ಜಾತ್ರೆ. ತೇರು ಎಳೆದ ಮರುದಿನ ಕುಸ್ತಿ ಇರುತ್ತಿತ್ತು. ನಮ್ಮ ಸೋದರಮಾವ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ನಿಂತಿದ್ದರು. ನಮ್ಮ ಕಡೆ ಜಾತ್ರೆ ಕುಸ್ತಿ ಶುರುವಾಗೋದು ತೆಂಗಿನಕಾಯಿಯಿಂದ, ಅಲ್ವಾ? ಸಣ್ಣ ಹುಡುಗರಲ್ಲಿ ಗೆದ್ದವನಿಗೆ ಒಂದು ಕಾಯಿ. ಆಮೇಲೆ ರೊಕ್ಕದ ಕುಸ್ತಿ. ಎಲ್ಲದರ ಕೊನೆಗೆ ಬೆಳ್ಳಿ ಕಡಗದ ಕುಸ್ತಿ. ಅಷ್ಟೊತ್ತಿಗೆ ಹೊತ್ತು ಮುಳುಗುತ್ತಾ ಬಂದಿರುತ್ತದೆ. ಹಲಗಿ ಬಡಿತ ಜೋರಾಗಿರುತ್ತದೆ. ಬೇವಿನ ಗಿಡದ ಮೇಲೂ ಜನ ಹತ್ತಿರುತ್ತಾರೆ.

ಆ ವರ್ಷ ಕಡಗಕ್ಕೆ ನಮ್ಮೂರ ಪೈಲ್ವಾನನಿಗೂ ಸೊಲ್ಲಾಪುರ ಕಡೆಯಿಂದ ಬಂದ ಇನ್ನೊಬ್ಬನಿಗೂ ಜೋಡಿ ಬಿತ್ತು. ನಮ್ಮವನು ಮೂರು ವರ್ಷದಿಂದ ಕಡಗ ಬಿಟ್ಟುಕೊಟ್ಟಿರಲಿಲ್ಲ. ಆ ಕಡಗ ಹತ್ತು ತೊಲೆ ತೂಕದ್ದು ಅಂತ ನನಗೆ ಈಗಲೂ ನೆನಪಿದೆ. ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡರು, ಕೈ ಹಿಡಿದರು. ಎರಡು ನಿಮಿಷ ಕೂಡ ಆಗಲಿಲ್ಲ, ನಮ್ಮವನು ಚಿತ್ ಆದ. ತಾನಾಗಿಯೇ ನೆಲಕ್ಕೆ ಬೆನ್ನು ಕೊಟ್ಟ ಹಾಗಿತ್ತು. ಹಲಗಿ ಒಮ್ಮೆಲೇ ನಿಂತಿತು. ಯಾರೋ ಒಬ್ಬ ಮುದುಕರು, "ರೊಕ್ಕ ತಿಂದಾನ!" ಅಂತ ಕೂಗಿದರು. ಅಷ್ಟೇ ಸಾಕಾಯಿತು. ಜನ ಅಖಾಡದ ಮಣ್ಣನ್ನೇ ಮುಷ್ಟಿ ತುಂಬಾ ತುಂಬಿಕೊಂಡು ಅವನ ಮೇಲೆ ಎಸೆದರು. ನಮ್ಮ ಮಾವ ನನ್ನನ್ನು ಕೆಳಗಿಳಿಸಿ ತಾವೂ ಎಸೆದರು. ಪೈಲ್ವಾನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಗುಡಿಯ ಹಿಂದೆ ಓಡಿದ.

ಆ ರಾತ್ರಿ ಮಾವ ಊಟ ಮಾಡಲಿಲ್ಲ. ನಾನು ಕೇಳಿದೆ, "ಮಾಮಾ, ಅಂವ ಸೋತಿದ್ದಕ್ಕ ನಿಮಗ್ಯಾಕ ಇಷ್ಟು ಸಿಟ್ಟು?"

"ಸೋತಿದ್ದಕ್ಕ ಅಲ್ಲೋ. ನಮಗ ಮೋಸ ಮಾಡ್ಯಾನ."

ಈ "ನಮಗ" ಅನ್ನೋ ಮಾತನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಮತ್ತೆ ಮತ್ತೆ ಇದಕ್ಕೇ ಬರುತ್ತೇನೆ.

1976ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಸಿಯಾಲ್ಡಿನಿ ಅನ್ನೋ ಮನಃಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಏಳು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ಸೋಮವಾರ ಏನು ಬಟ್ಟೆ ಹಾಕಿಕೊಂಡು ಬರುತ್ತಾರೆ ಅಂತ ನೋಡಿದರು. ತಮ್ಮ ಫುಟ್‌ಬಾಲ್ ತಂಡ ವಾರದ ಕೊನೆಗೆ ಗೆದ್ದಿದ್ದರೆ ವಿಶ್ವವಿದ್ಯಾಲಯದ ಹೆಸರಿರುವ ಅಂಗಿ ಜಾಸ್ತಿ ಕಂಡವು. ಆಮೇಲೆ ಆಟದ ಬಗ್ಗೆ ಫೋನಿನಲ್ಲಿ ಕೇಳಿದಾಗ, ಗೆದ್ದ ಆಟಕ್ಕೆ "ನಾವು" ಅಂತ ಹೇಳುವವರು ಜಾಸ್ತಿ, ಸೋತ ಆಟಕ್ಕೆ ಕಡಿಮೆ.

ನಮ್ಮ ಭಾಷೆಯಲ್ಲಿ ಇದನ್ನು ಕೇಳಿಸಿಕೊಳ್ಳಲು ಅಧ್ಯಯನವೇ ಬೇಕಿಲ್ಲ. ಮ್ಯಾಚ್ ಮುಗಿದ ಮೇಲೆ ಸೂಪರ್ ಮಾರ್ಕೆಟ್ ಕಡೆ ಹೋಗಿ ನಿಲ್ಲಿ. ಆರ್‌ಸಿಬಿ ಗೆದ್ದಿದ್ದರೆ "ಗೆದ್ವಿ!" ಸೋತಿದ್ದರೆ "ಸೋತ್ರು." ಕ್ರಿಯಾಪದದ ಬಾಲ ಒಂದು ರಾತ್ರಿಯಲ್ಲಿ ಬದಲಾಗಿರುತ್ತದೆ. ಆಟಗಾರ ಯಾವುದಾದರೂ ಕೇಸಿನಲ್ಲಿ ಸಿಕ್ಕರೆ ಇನ್ನೂ ಒಂದು ಹೆಜ್ಜೆ ಮುಂದೆ. ನಿನ್ನೆಯವರೆಗೆ "ನಮ್ಮ ಹುಡುಗ", ಇವತ್ತು "ಯಾವನೋ ಅವನು".

ಆದರೆ ಎಲ್ಲರೂ ಹಾಗೆ ದೂರ ಸರಿಯುವುದಿಲ್ಲ. ಕೆಲವರಿಗೆ ಆಗುವುದೇ ಇಲ್ಲ. ಅಂಥವರೊಬ್ಬರನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಇಲ್ಲಿಯ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಚಹಾದ ಹೋಟೆಲ್ ಇತ್ತು. ಮಾಲೀಕರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಭಜಿ ಇಡುವ ಗಾಜಿನ ಕಪಾಟಿನ ಮೇಲೆ, ಗೋಡೆಗೆ, ಕ್ರಿಕೆಟ್ ಆಟಗಾರ ಅಜರುದ್ದೀನ್ ಅವರ ದೊಡ್ಡ ಚಿತ್ರ. ಯಾವುದೋ ಪತ್ರಿಕೆಯ ನಡುವಿನ ಹಾಳೆ. ಕಾಲರ್ ಎತ್ತಿದೆ, ಕೊರಳಲ್ಲಿ ತಾಯಿತ, ಚೆಂಡು ಲೆಗ್ ಸೈಡಿಗೆ ಹೋಗಿದೆ, ಮಣಿಕಟ್ಟು ಇನ್ನೂ ತಿರುಗುತ್ತಿದೆ. ಹೈದರಾಬಾದ್ ನಮಗೆ ಪರ ಊರಲ್ಲ. ಮದುವೆ ಬಟ್ಟೆಗೆ ಹೈದರಾಬಾದ್, ದೊಡ್ಡ ಕಾಯಿಲೆಗೆ ಹೈದರಾಬಾದ್. ಹಾಗಾಗಿ ಅಜರ್ ನಮ್ಮ ಕಡೆಯ ಹುಡುಗ. 1984ರ ಡಿಸೆಂಬರ್ 31ಕ್ಕೆ ಕೋಲ್ಕತ್ತಾದಲ್ಲಿ ಶುರುವಾದ ಮೊದಲ ಟೆಸ್ಟಿನಲ್ಲಿ 110. ಎರಡನೆಯದರಲ್ಲಿ 105. ಮೂರನೆಯದರಲ್ಲಿ 122. ಮೊದಲ ಮೂರು ಟೆಸ್ಟಿಗೆ ಮೂರು ಶತಕ. ಕಾಕಾ ಈ ಮೂರು ಅಂಕಿಯನ್ನು ಮಗ್ಗಿಯಂತೆ ಹೇಳುತ್ತಿದ್ದರು.

2000ದ ಏಪ್ರಿಲ್ 7. ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಬಾಜಿ ಕಟ್ಟಿಸುವ ಬುಕ್ಕಿಯ ಜೊತೆ ಮ್ಯಾಚ್ ಫಿಕ್ಸಿಂಗ್ ಬಗ್ಗೆ ಮಾತಾಡಿದ್ದನ್ನು ದೆಹಲಿ ಪೊಲೀಸರು ಬಯಲು ಮಾಡಿದರು. ಮೊದಲು ಇಲ್ಲ ಅಂದ ಕ್ರೋನಿಯೆ ನಾಲ್ಕು ದಿನದಲ್ಲಿ ಒಪ್ಪಿಕೊಂಡರು. ಅದೇ ವರ್ಷ ಸಿಬಿಐ ವರದಿ ಬಂತು. ಡಿಸೆಂಬರಿನಲ್ಲಿ ಬಿಸಿಸಿಐ ಅಜರುದ್ದೀನ್ ಮತ್ತು ಅಜಯ್ ಶರ್ಮಾ ಅವರಿಗೆ ಆಜೀವ ನಿಷೇಧ ಹಾಕಿತು. ಅಜಯ್ ಜಡೇಜಾ ಮತ್ತು ಮನೋಜ್ ಪ್ರಭಾಕರ್‌ಗೆ ಐದು ವರ್ಷ. ಅಜರ್ ಅವರ 99ನೇ ಟೆಸ್ಟ್ ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಆಗಿತ್ತು. ಅದರಲ್ಲೂ 102 ಹೊಡೆದಿದ್ದರು. ಅದೇ ಕೊನೆಯದಾಯಿತು.

ಸುದ್ದಿ ಬಂದ ಮೇಲೆ ನಾನು ಹೋಟೆಲಿಗೆ ಹೋದೆ. ಚಿತ್ರ ಕಾಣಲಿಲ್ಲ. ಅದೇ ಮೊಳೆಗೆ ಗೊಬ್ಬರದ ಅಂಗಡಿಯ ಕ್ಯಾಲೆಂಡರ್ ತೂಗುತ್ತಿತ್ತು. ಫ್ಯಾನ್ ಗಾಳಿಗೆ ಕ್ಯಾಲೆಂಡರಿನ ತುದಿ ಎದ್ದಾಗ ಕೆಳಗೆ ಅಜರ್ ಅವರ ಪ್ಯಾಡ್ ಕಂಡಿತು. ಚಿತ್ರ ತೆಗೆದಿರಲಿಲ್ಲ, ಮುಚ್ಚಿದ್ದರು.

"ಕಾಕಾ, ಹಿಂಗ್ಯಾಕ?" ಅಂದೆ.

"ತೆಗೀಲಾಕ ಮನಸ್ಸು ಬರವಲ್ದು, ಸರ. ನೋಡ್ಲಾಕೂ ಆಗವಲ್ದು."

ಹನ್ನೊಂದು ವರ್ಷ ಅಲ್ಲಿ ಕ್ಯಾಲೆಂಡರ್ ಬದಲಾಗುತ್ತಾ ಹೋಯಿತು. ಪ್ರತಿ ಜನವರಿಯಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕುವ ನಡುವೆ ಒಂದು ನಿಮಿಷ ಅಜರ್ ಕಾಣುತ್ತಿದ್ದರು, ಬಣ್ಣ ಮಾಸಿ. 2012ರ ನವೆಂಬರಿನಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧ ಕಾನೂನು ಪ್ರಕಾರ ಸರಿಯಲ್ಲ ಅಂತ ತೆಗೆದುಹಾಕಿತು. ಅಷ್ಟೊತ್ತಿಗೆ ರಸ್ತೆ ಅಗಲ ಮಾಡುವುದರಲ್ಲಿ ಆ ಹೋಟೆಲ್ ಹೋಗಿತ್ತು. ಕಾಕಾ ಆ ಚಿತ್ರವನ್ನು ಏನು ಮಾಡಿದರೋ ಕೇಳಬೇಕಿತ್ತು. ಕೇಳಲಿಲ್ಲ.

ಕಾಕಾ ಮಾಡಿದ್ದನ್ನು ನಾನು ಗೌರವಿಸುತ್ತೇನೆ. ಅವರು ಅಜರ್ ಏನೂ ಮಾಡಿಲ್ಲ ಅಂತ ಯಾರ ಜೊತೆಯೂ ಜಗಳಕ್ಕೆ ಬೀಳಲಿಲ್ಲ. ಬೈದು ಹರಿದು ಬಿಸಾಡಲೂ ಇಲ್ಲ. ತಮ್ಮ ನೋವನ್ನು ಕ್ಯಾಲೆಂಡರಿನ ಹಿಂದೆ ಇಟ್ಟುಕೊಂಡು ಚಹಾ ಮಾಡುತ್ತಿದ್ದರು.

ಆದರೆ ಅದೇ ಹೋಟೆಲಿನ ಬೆಂಚಿನ ಮೇಲೆ ಬೇರೆ ಮಾತೂ ಕೇಳಿದ್ದೇನೆ. ಜಡೇಜಾ ಬಗ್ಗೆ ಮಾತಾಡುವಾಗ "ಹುಡುಗ, ಆಸೆಗೆ ಬಿದ್ದ" ಅಂದವರೇ, ಅಜರ್ ಬಗ್ಗೆ ಬಂದಾಗ "ಅವರ ಮಂದೀನೇ ಹಂಗ" ಅಂದರು. ಒಬ್ಬನ ತಪ್ಪು ಅವನದು, ಇನ್ನೊಬ್ಬನ ತಪ್ಪು ಅವನ ಇಡೀ ಸಮುದಾಯದ್ದು. ನನ್ನ ಪಕ್ಕ ನನ್ನ ಜೊತೆ ಕೆಲಸ ಮಾಡುವ ಉರ್ದು ಮೇಷ್ಟ್ರು ಕೂತಿದ್ದರು. ಅಜರ್ ಮೇಲೆ ಅವರಿಗೆ ನನಗಿಂತ ಜಾಸ್ತಿ ಸಿಟ್ಟಿತ್ತು. ಆ ಮಾತು ಕೇಳಿದ ಮೇಲೆ ಸಿಟ್ಟು ಮಾಡುವ ಹಕ್ಕೂ ಅವರಿಗೆ ಉಳಿಯಲಿಲ್ಲ. ಅರ್ಧ ಚಹಾ ಬಿಟ್ಟು ಎದ್ದು ಹೋದರು. ನಾನು ಆ ದಿನ ಬಾಯಿ ಬಿಡಬೇಕಿತ್ತು. ಖಾಜಾ ಬಂದೇನವಾಜರ ದರ್ಗಾಕ್ಕೂ ಶರಣಬಸವೇಶ್ವರ ಗುಡಿಗೂ ಒಂದೇ ಮನೆಯವರು ಹೋಗಿಬರುವ ಊರಲ್ಲಿ ಕೂತು ನಾವು ಹಾಗೆ ಮಾತಾಡಿದೆವು.

ತಪ್ಪು ಮಾಡದೇ ಇದ್ದವರಿಗೂ ಇದು ತಪ್ಪಿಲ್ಲ. 2021ರ ಅಕ್ಟೋಬರ್ 24ರಂದು ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನ ನಮ್ಮನ್ನು 10 ವಿಕೆಟ್‌ಗಳಿಂದ ಸೋಲಿಸಿತು. ಅವತ್ತು ನಮ್ಮ ಬೌಲರುಗಳಲ್ಲಿ ಯಾರಿಗೂ ಒಂದು ವಿಕೆಟ್ ಸಿಗಲಿಲ್ಲ. ಆದರೆ ದ್ರೋಹಿ ಅನ್ನಿಸಿಕೊಂಡದ್ದು ಮೊಹಮ್ಮದ್ ಶಮಿ ಒಬ್ಬರೇ. ನಾಯಕ ಕೊಹ್ಲಿ ಎಲ್ಲರ ಮುಂದೆ ಅವರ ಪರವಾಗಿ ನಿಂತರು. ಅಭಿಮಾನಿಯ ಸಿಟ್ಟು ಯಾವಾಗಲೂ ಆಟದಿಂದಲೇ ಹುಟ್ಟುತ್ತದೆ ಅಂತ ನಂಬಬೇಡಿ. ಎಷ್ಟೋ ಸಲ ಅದು ಮನೆಯಿಂದ, ಓಣಿಯಿಂದ ಬಂದಿರುತ್ತದೆ. ಆಟ ಒಂದು ನೆಪ.

ಇನ್ನು ಕಣ್ಣಾರೆ ಕಂಡದ್ದನ್ನೂ ನಂಬದೇ ಇರೋದು. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಒರಟು ಫುಟ್‌ಬಾಲ್ ಪಂದ್ಯ ನಡೆಯಿತು. ಎರಡೂ ಕಡೆಯವರಿಗೆ ಏಟು ಬಿತ್ತು. ಆಮೇಲೆ ಇಬ್ಬರು ಸಂಶೋಧಕರು ಎರಡೂ ಕಾಲೇಜಿನ ಹುಡುಗರಿಗೆ ಅದೇ ಪಂದ್ಯದ ಫಿಲ್ಮ್ ತೋರಿಸಿ ಯಾರು ಎಷ್ಟು ತಪ್ಪು ಮಾಡಿದರು ಎಣಿಸಿ ಅಂದರು. ಡಾರ್ಟ್‌ಮತ್ ಆಟಗಾರರ ತಪ್ಪುಗಳು ಡಾರ್ಟ್‌ಮತ್ ಹುಡುಗರಿಗೆ ಕಂಡಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಪ್ರಿನ್ಸ್‌ಟನ್ ಹುಡುಗರಿಗೆ ಕಂಡವು. ಫಿಲ್ಮ್ ಒಂದೇ. 1954ರಲ್ಲಿ ಇದು ಪ್ರಕಟವಾಯಿತು. ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಅಂಪೈರಾಗಿ ನಿಂತವರು ಯಾರಾದರೂ ಇಲ್ಲಿದ್ದರೆ ಅವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಐಪಿಎಲ್ ನೋಡಿ. 2013ರ ಬೆಟ್ಟಿಂಗ್ ಮತ್ತು ಫಿಕ್ಸಿಂಗ್ ಹಗರಣದ ನಂತರ 2015ರಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಲೋಧಾ ಸಮಿತಿ ಚೆನ್ನೈ ಮತ್ತು ರಾಜಸ್ಥಾನ ತಂಡಗಳನ್ನು ಎರಡು ವರ್ಷ ಹೊರಗಿಟ್ಟಿತು. 2018ರಲ್ಲಿ ಚೆನ್ನೈ ತಿರುಗಿ ಬಂತು. ಅಭಿಮಾನಿಗಳು ಅದನ್ನು ವನವಾಸ ಮುಗಿಸಿ ಬಂದವರ ಹಾಗೆ ಬರಮಾಡಿಕೊಂಡರು. ಆ ವರ್ಷ ಕಾವೇರಿ ಗಲಾಟೆಯಿಂದ ಅವರ ಮ್ಯಾಚುಗಳು ಪುಣೆಗೆ ಹೋದಾಗ ವಿಶೇಷ ರೈಲಿನಲ್ಲಿ ಪುಣೆಗೂ ಹೋದರು. ಕಪ್ಪೂ ಚೆನ್ನೈಗೇ ಬಂತು. ಹೊರಗಿಟ್ಟಿದ್ದು ಯಾಕೆ ಅನ್ನೋ ಮಾತೇ ಆ ಸಂಭ್ರಮದಲ್ಲಿ ಕರಗಿತು. ನಾನು ಅವರನ್ನು ದೂರುತ್ತಿಲ್ಲ. ಬೆಂಗಳೂರು ತಂಡಕ್ಕೆ ಹಾಗಾಗಿದ್ದರೆ ನಾವೂ ಕಲಬುರಗಿಯಿಂದ ರೈಲು ಹತ್ತುತ್ತಿದ್ದೆವು.

ನಮ್ಮ ರಾಜ್ಯದಲ್ಲೇ ಆಯಿತಲ್ಲ. 2019ರ ಕರ್ನಾಟಕ ಪ್ರೀಮಿಯರ್ ಲೀಗ್. ಫಿಕ್ಸಿಂಗ್ ಆರೋಪದಲ್ಲಿ ಬೆಂಗಳೂರು ಪೊಲೀಸರು ಆಟಗಾರರನ್ನು ಹಿಡಿದರು. 2022ರ ಜನವರಿಯಲ್ಲಿ ರಾಜ್ಯ ಹೈಕೋರ್ಟ್ ಆ ವಂಚನೆ ಕೇಸನ್ನು ರದ್ದು ಮಾಡಿತು. ಅದು ಹೇಳಿದ್ದರ ಸಾರ ಕೇಳಿ. ಆಟಗಾರ ಮ್ಯಾಚ್ ಫಿಕ್ಸ್ ಮಾಡಿದರೆ ಆಟ ಪ್ರೀತಿಸುವವರಿಗೆ ಮೋಸ ಆಯಿತು ಅನ್ನೋ ಭಾವನೆ ಬರುತ್ತದೆ, ನಿಜ. ಆದರೆ ಆ ಭಾವನೆ ಇದೆ ಅಂದ ಮಾತ್ರಕ್ಕೆ ಅದು ಆಗಿನ ಐಪಿಸಿ 420ರ ಕೆಳಗೆ ಅಪರಾಧ ಆಗುವುದಿಲ್ಲ. ಟಿಕೆಟ್ಟನ್ನು ಜನ ತಮ್ಮ ಇಷ್ಟದಿಂದ ತಗೊಂಡಿರುತ್ತಾರೆ. ಆಟಗಾರನ ಮೇಲೆ ಶಿಸ್ತು ಕ್ರಮ ಜರುಗಿಸುವುದು ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು.

ಇದನ್ನು ಓದಿದಾಗ ನನಗೆ ನಮ್ಮ ಮಾವ ನೆನಪಾದರು. "ನಮಗ ಮೋಸ ಮಾಡ್ಯಾನ" ಅಂದ ಅವರ ಮಾತಿಗೆ ಕಾನೂನಿನಲ್ಲಿ ಜಾಗ ಇಲ್ಲ. ಹಾಗಂತ ಅದು ಸುಳ್ಳಲ್ಲ. ಜೋಳದ ರಾಶಿ ಬಿಟ್ಟು ಜಾತ್ರೆಗೆ ಬಂದು, ನಿಂತ ಕಾಲಲ್ಲಿ ನಿಂತು, ಗಂಟಲು ಹರಿಯುವ ಹಾಗೆ ಕೂಗಿದವನು ಏನೋ ಒಂದನ್ನು ನಂಬಿ ಕೊಟ್ಟಿರುತ್ತಾನೆ. ಅದನ್ನು ಮಾರಿಕೊಂಡವನ ಮೇಲೆ ಸಿಟ್ಟು ಬರಲೇಬೇಕು. ಬರಲಿ. ಅದೇ 2022ರ ಆಗಸ್ಟಿನಲ್ಲಿ ನಮ್ಮ ಗುಲ್ಬರ್ಗ ಮಿಸ್ಟಿಕ್ಸ್ ತಂಡ ರಾಜ್ಯದ ಟಿ20 ಟೂರ್ನಮೆಂಟ್ ಆದ ಮಹಾರಾಜ ಟ್ರೋಫಿಯನ್ನು ಅದರ ಮೊದಲ ವರ್ಷವೇ ಗೆದ್ದಾಗ ನಾವೆಲ್ಲ ಮತ್ತೆ ಕುಣಿದೆವು. ಆ ತಂಡ ಇಲ್ಲಿ ಒಂದು ಮ್ಯಾಚೂ ಆಡಿರಲಿಲ್ಲ. ಹೆಸರಷ್ಟೇ ನಮ್ಮದು. ನಂಬಿಕೆ ಮತ್ತೆ ಚಿಗುರಲು ಅಷ್ಟೇ ಸಾಕು ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ.

ಈಗ ನಿಜವಾಗಿ ಹೇಳಬೇಕೆಂದು ಬಂದ ಮಾತು.

ಹಾರ್ದಿಕ್ ಪಾಂಡ್ಯ. 2019ರ ಜನವರಿಯಲ್ಲಿ ಒಂದು ಟಿವಿ ಕಾರ್ಯಕ್ರಮದಲ್ಲಿ ಹೆಣ್ಣುಮಕ್ಕಳ ಬಗ್ಗೆ ಹಗುರವಾಗಿ ಮಾತಾಡಿದರು. ಜೊತೆಗೆ ಕೂತಿದ್ದವರು ನಮ್ಮ ಕೆ.ಎಲ್. ರಾಹುಲ್. ಇಬ್ಬರನ್ನೂ ಆಸ್ಟ್ರೇಲಿಯಾದಿಂದ ವಾಪಸ್ ಕಳಿಸಿದರು. ತಲಾ 20 ಲಕ್ಷ ರೂಪಾಯಿ ದಂಡ. ಕ್ಷಮೆ ಕೇಳಿದರು. ಎರಡು ಮೂರು ತಿಂಗಳಲ್ಲಿ ಐಪಿಎಲ್ ಶುರುವಾದಾಗ ಯಾವ ಮೈದಾನದಲ್ಲೂ ಆ ಮಾತು ಉಳಿದಿರಲಿಲ್ಲ. ಅದೇ ಹಾರ್ದಿಕ್ 2024ರಲ್ಲಿ ರೋಹಿತ್ ಶರ್ಮಾ ಜಾಗಕ್ಕೆ ಮುಂಬೈ ನಾಯಕರಾಗಿ ಬಂದಾಗ ಅಹಮದಾಬಾದ್, ಹೈದರಾಬಾದ್, ಕೊನೆಗೆ ಸ್ವಂತ ಮೈದಾನ ವಾಂಖೆಡೆಯಲ್ಲೂ ಜನ ಕಿವಿ ಒಡೆಯುವ ಹಾಗೆ ಛೀ ಅಂದರು. ನಾಯಕನಾಗು ಅಂದಾಗ ಒಪ್ಪಿಕೊಳ್ಳೋದು ಯಾವ ತಪ್ಪು? ಜೂನ್ 29ರಂದು ವಿಶ್ವಕಪ್ ಫೈನಲ್‌ನ ಕೊನೆಯ ಓವರ್ ಹಾಕಿ ಗೆಲ್ಲಿಸಿದರು. ಜುಲೈ 4ಕ್ಕೆ ಅದೇ ವಾಂಖೆಡೆ ಅವರ ಹೆಸರು ಕೂಗಿತು.

2007ರ ವಿಶ್ವಕಪ್‌ನಲ್ಲಿ ಬಾಂಗ್ಲಾದೇಶದ ಎದುರು ಸೋತಾಗ ರಾಂಚಿಯಲ್ಲಿ ಧೋನಿಯವರ ಕಟ್ಟುತ್ತಿದ್ದ ಮನೆಯ ಮೇಲೆ ಜನ ನುಗ್ಗಿದರು. ಅದೂ ತಪ್ಪಿಗಲ್ಲ, ಸೋಲಿಗೆ.

ಹಾಗಾದರೆ ನಾವು ಯಾವುದಕ್ಕೆ ಶಿಕ್ಷೆ ಕೊಡುತ್ತೇವೆ? ನನ್ನ ಅನುಭವದಲ್ಲಿ ಅಭಿಮಾನಿ ಕೈಯಲ್ಲಿ ಎರಡು ತಕ್ಕಡಿ ಇವೆ. ನಮ್ಮ ಸಂತೋಷ ಕೆಡಿಸಿದವನಿಗೆ ಒಂದು. ಬೇರೆ ಮನುಷ್ಯರಿಗೆ ನೋವು ಮಾಡಿದವನಿಗೆ ಇನ್ನೊಂದು. ಮೊದಲನೆಯದರಲ್ಲಿ ಒಂದು ಗುಂಜಿಯೂ ಬಿಡುವುದಿಲ್ಲ. ಎರಡನೆಯದನ್ನು ತೂಗಲಿಕ್ಕೇ ಹೋಗುವುದಿಲ್ಲ. "ಅದು ಅವರ ಮನಿ ವಿಷಯ. ನಮಗ ಆಟ ಆಡಿದ್ರ ಸಾಕು."

ನಮ್ಮೂರ ಪೈಲ್ವಾನನ ಕಥೆ ಪೂರ್ತಿ ಹೇಳಲಿಲ್ಲ ನಾನು. ಅವನು ಹೆಂಡತಿಯನ್ನು ಹೊಡೆಯುತ್ತಿದ್ದ. ಊರಿಗೆಲ್ಲ ಗೊತ್ತಿತ್ತು. ಅವನ ಮನೆ ನಮ್ಮ ಓಣಿಯ ಕೊನೆಗೆ. ರಾತ್ರಿ ಶಬ್ದ ಕೇಳುತ್ತಿತ್ತು. ಬೆಳಿಗ್ಗೆ ಆ ತಾಯಿ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು ಭಾವಿಗೆ ನೀರಿಗೆ ಬರುತ್ತಿದ್ದಳು. ನಮ್ಮವ್ವ ಒಂದೆರಡು ಸಲ ಅರಿಶಿನ ಕಲಸಿ ಕೊಟ್ಟಿದ್ದು ನೋಡಿದ್ದೇನೆ. ಆ ಮೂರು ವರ್ಷವೂ ಅವನಿಗೆ ಕಡಗ ಹಾಕಿ ಮೆರವಣಿಗೆ ಮಾಡಿದ ಊರು ನಮ್ಮದು. ಅದಕ್ಕಾಗಿ ಅವನ ಮೇಲೆ ಯಾರೂ ಒಂದು ಹಿಡಿ ಮಣ್ಣು ಎಸೆದಿರಲಿಲ್ಲ. ನಮ್ಮ ಮಾವ ಒಳ್ಳೆಯ ಮನುಷ್ಯ, ಅವರೂ ಎಸೆದಿರಲಿಲ್ಲ.

ಪೈಲ್ವಾನ ಸುಶೀಲ್ ಕುಮಾರ್ ಚಿತ್ರ ಇಲ್ಲದ ತಾಲೀಮು, ಅಂದರೆ ಗರಡಿ ಮನೆ, ಒಂದು ಕಾಲಕ್ಕೆ ನಮ್ಮ ಕಡೆ ಇರಲಿಲ್ಲ. 2008ರಲ್ಲಿ ಕಂಚು, 2012ರಲ್ಲಿ ಬೆಳ್ಳಿ. 1952ರಲ್ಲಿ ಕೆ.ಡಿ. ಜಾಧವ್ ತಂದ ಕಂಚಿನ ನಂತರ ಕುಸ್ತಿಯಲ್ಲಿ ಮೊದಲ ಒಲಿಂಪಿಕ್ಸ್ ಪದಕ ತಂದವರು ಅವರು. 2021ರ ಮೇ ತಿಂಗಳಲ್ಲಿ ದೆಹಲಿಯ ಛತ್ರಸಾಲ್ ಸ್ಟೇಡಿಯಂನಲ್ಲಿ ಒಬ್ಬ ಯುವ ಪೈಲ್ವಾನನ ಕೊಲೆ ಆಯಿತು ಅನ್ನೋ ಕೇಸಿನಲ್ಲಿ ಅವರ ಬಂಧನ ಆಯಿತು. ಅದರ ತೀರ್ಮಾನ ಕೋರ್ಟಿನದು. ನಾನು ಹೇಳುವುದು ಅವತ್ತು ನನಗೆ ಬಂದ ಫೋನುಗಳ ಬಗ್ಗೆ. ಹಳೆಯ ಶಿಷ್ಯರು, ತಾಲೀಮಿನವರು. ಎಲ್ಲರದೂ ಒಂದೇ ಪ್ರಶ್ನೆ: "ಸರ, ಈಗ ಪದಕ ವಾಪಸ್ ತಗೋತಾರೇನ್ರಿ?" ಸತ್ತ ಹುಡುಗನಿಗೆ 23 ವರ್ಷ. ಅವನೂ ಕಿವಿ ಒಡೆಸಿಕೊಂಡು ಮಣ್ಣಿನಲ್ಲಿ ಬೆಳೆದವನು, ನಮ್ಮವನೇ. ಅವನ ಬಗ್ಗೆ ಒಬ್ಬರೂ ಕೇಳಲಿಲ್ಲ.

ಆಮೇಲೆ 2023. ದೆಹಲಿಯ ಜಂತರ್ ಮಂತರ್. ರಿಯೊ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಸಾಕ್ಷಿ ಮಲಿಕ್, ಅವರ ಜೊತೆ ಪೈಲ್ವಾನರಾದ ವಿನೇಶ್ ಫೋಗಟ್, ಬಜರಂಗ್ ಪೂನಿಯಾ ರಸ್ತೆಯಲ್ಲಿ ಮಲಗಿದರು. ಆಗಿನ ಕುಸ್ತಿ ಫೆಡರೇಶನ್ ಅಧ್ಯಕ್ಷ ಬ್ರಿಜ್ ಭೂಷಣ್ ಶರಣ್ ಸಿಂಗ್ ಮೇಲೆ ಲೈಂಗಿಕ ಕಿರುಕುಳದ ಆರೋಪ. ಅವರು ಅದನ್ನು ಅಲ್ಲಗಳೆದಿದ್ದಾರೆ. 2024ರ ಮೇನಲ್ಲಿ ದೆಹಲಿ ಕೋರ್ಟ್ ದೋಷಾರೋಪ ಹೊರಿಸಿತು. 2023ರ ಮೇ 28ರಂದು, ಹೊಸ ಸಂಸತ್ ಭವನ ಉದ್ಘಾಟನೆ ಆದ ದಿನ, ಪೊಲೀಸರು ಈ ಹೆಣ್ಣುಮಕ್ಕಳನ್ನು ನೆಲದ ಮೇಲಿಂದ ಎತ್ತಿ ವ್ಯಾನಿಗೆ ಹಾಕಿದರು. ಎರಡು ದಿನದ ಮೇಲೆ ಪದಕಗಳನ್ನು ಗಂಗೆಗೆ ಬಿಡುತ್ತೇವೆ ಅಂತ ಹರಿದ್ವಾರಕ್ಕೆ ಹೋದರು. ಡಿಸೆಂಬರಿನಲ್ಲಿ ಸಾಕ್ಷಿ ತಮ್ಮ ಕುಸ್ತಿ ಬೂಟುಗಳನ್ನು ಮೇಜಿನ ಮೇಲಿಟ್ಟು ಆಟವನ್ನೇ ಬಿಟ್ಟರು.

ಆ ಬೂಟುಗಳ ಚಿತ್ರ ನಾನು ಇವತ್ತಿಗೂ ಮರೆತಿಲ್ಲ. ನೀಲಿ ಬೂಟು. ಒಬ್ಬ ಪೈಲ್ವಾನ ಬೂಟು ಬಿಚ್ಚಿಟ್ಟರೆ ಏನರ್ಥ ಅಂತ ಕುಸ್ತಿ ಬಲ್ಲವರಿಗೆ ಗೊತ್ತು.

2024ರ ಆಗಸ್ಟ್ 7ರಂದು ಪ್ಯಾರಿಸ್ಸಿನಲ್ಲಿ ವಿನೇಶ್ 100 ಗ್ರಾಂ ತೂಕ ಜಾಸ್ತಿ ಅಂತ ಫೈನಲ್ ಆಡಲಾಗದೆ ಹೊರಬಿದ್ದಾಗ ದೇಶವೇ ಅತ್ತಿತು. ನಾನೂ ಅತ್ತೆ. ಹಿಂದಿನ ದಿನ ಅವರು ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಅಲ್ಲಿಯವರೆಗೆ ಸೋಲೇ ಕಾಣದ ಜಪಾನಿನ ಯುಯಿ ಸುಸಾಕಿಯನ್ನು ಮಣ್ಣು ಮುಕ್ಕಿಸಿದ್ದರು. ಆದರೆ ನಾನು ನನ್ನನ್ನೇ ಕೇಳಿಕೊಂಡೆ: ಅದೇ ಹುಡುಗಿಯನ್ನು ರಸ್ತೆಯಲ್ಲಿ ಎಳೆದಾಡಿದ ದಿನ ನಾನು ಅತ್ತೆನಾ? ಟಿವಿ ಆರಿಸಿ ಮಲಗಿದ್ದೆ. ಪದಕ ನಮ್ಮದು, ಅದು ಹೋದಾಗ ನಮಗೆ ನೋವು. ಅವಳ ಮಾನ ಅವಳದು, ಅದಕ್ಕೆ ಅವಳೇ ಹೋರಾಡಲಿ. ಹೀಗೆ ಅಂದುಕೊಂಡವರಲ್ಲಿ ನಾನೂ ಒಬ್ಬ.

2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇದೆ. ಮೆಚ್ಚಿದ ವ್ಯಕ್ತಿ ತಪ್ಪು ಮಾಡಿದಾಗ ಜನ ತಪ್ಪನ್ನೇ ಸಮರ್ಥಿಸುವುದಕ್ಕಿಂತ, ಪ್ರತಿಭೆಯನ್ನು ಮತ್ತು ನಡತೆಯನ್ನು ಬೇರೆ ಬೇರೆ ಕಪಾಟಿನಲ್ಲಿ ಇಡುವುದು ಸುಲಭ ಅಂತ ಅದು ತೋರಿಸಿತು. ಹಾಗೆ ಮಾಡಿದರೆ ತಾವು ತಪ್ಪಿನ ಪರ ನಿಂತೆವು ಅನ್ನೋ ಅಳುಕೂ ಇರುವುದಿಲ್ಲ. ಯಾರಿಗೂ ಪೆಟ್ಟಾಗದ ವಿಷಯದಲ್ಲಿ ಹೀಗೆ ಬೇರೆ ಇಡುವುದು ನನಗೂ ಸರಿ ಕಾಣುತ್ತದೆ. ಆಟಗಾರ ಯಾರನ್ನು ಪ್ರೀತಿಸಿದ, ಯಾವಾಗ ಕುಡಿದ, ಅದು ನಮಗೆ ಬೇಡ. ಆದರೆ ಎದುರಿಗೆ ಪೆಟ್ಟು ತಿಂದ ಮನುಷ್ಯ ಇದ್ದಾಗ ಎರಡನೇ ಕಪಾಟಿನ ಬಾಗಿಲು ಹಾಕಿದರೆ, ಒಳಗೆ ಸಿಕ್ಕಿಬೀಳುವುದು ತಪ್ಪು ಮಾಡಿದವನಲ್ಲ, ಪೆಟ್ಟು ತಿಂದವಳು.

ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಬಹಳ ವರ್ಷದ ಹಿಂದೆ, ಊರ ಹೆಸರು ಬೇಡ, ಒಬ್ಬ ಕಬಡ್ಡಿ ಕೋಚ್ ಇದ್ದ. ಹುಡುಗಿಯರ ತಂಡವನ್ನು ವಿಭಾಗ ಮಟ್ಟದವರೆಗೆ ಒಯ್ದಿದ್ದ. ಒಂಬತ್ತನೇ ಕ್ಲಾಸಿನ ಒಂದು ಹುಡುಗಿ, ಒಳ್ಳೆಯ ರೈಡರ್, ಒಮ್ಮೆಲೇ ಪ್ರಾಕ್ಟೀಸಿಗೆ ಬರುವುದು ಬಿಟ್ಟಳು. ನಾನು ಕೇಳಿದೆ. ಬಹಳ ಹೊತ್ತು ನೆಲ ನೋಡುತ್ತಾ ನಿಂತು, "ಸರ, ಅವರು ಚೊಲೋ ಇಲ್ರಿ" ಅಂದಳು. ಅಷ್ಟೇ. ಅಷ್ಟರಲ್ಲೇ ಎಲ್ಲ ಇತ್ತು. ನಾನು ಊರಿನ ಹಿರಿಯರ ಹತ್ತಿರ ಹೋದೆ. "ಸರ, ಅಂವ ಊರಿಗಿ ಕಪ್ಪು ತಂದಾನ. ಒಂದು ಹುಡುಗಿ ಮಾತು ಹಿಡ್ಕೊಂಡು ಏನ್ ಮಾಡ್ಲತ್ತೀರಿ?" ಅಂದರು. ನಾನು ಇನ್ನೂ ಮುಂದೆ ಹೋಗಬೇಕಿತ್ತು. ಟೂರ್ನಮೆಂಟ್ ಮುಗಿಯಲಿ ಅಂತ ಕಾದೆ. ಮುಗಿಯುವ ಹೊತ್ತಿಗೆ ಅವಳ ಶಾಲೆ ಬಿಡಿಸಿದ್ದರು. ಆ ತಂಡ ಆ ವರ್ಷವೂ ಗೆದ್ದಿತು. ಆ ಫೋಟೋದಲ್ಲಿ ನಾನೂ ನಿಂತಿದ್ದೇನೆ.

ಮುಂದಿನ ಸಾಲಿನ ಮಕ್ಕಳೇ, ಇದು ನಿಮಗಾಗಿ. 2012ರ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ ಪ್ರಕಾರ 18 ವರ್ಷದ ಒಳಗಿನ ಮಗುವಿಗೆ ಹೀಗಾಗಿದೆ ಅಂತ ಗೊತ್ತಾದವರು ಪೊಲೀಸರಿಗೆ ಹೇಳಲೇಬೇಕು. ಹೇಳದಿದ್ದರೆ ಅದೇ ಅಪರಾಧ. ನನ್ನಂಥ ಮೇಷ್ಟ್ರು ಟೂರ್ನಮೆಂಟ್ ಮುಗಿಯಲಿ ಅಂತ ಇವತ್ತು ಕಾಯುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಕಿರುಕುಳದ ವಿರುದ್ಧದ 2013ರ ಕಾಯ್ದೆಯಲ್ಲಿ ಕ್ರೀಡಾ ಸಂಸ್ಥೆ, ಸ್ಟೇಡಿಯಂ, ಪಂದ್ಯ ನಡೆಯುವ ಜಾಗ ಎಲ್ಲ ಹೆಸರು ಹಿಡಿದು ಸೇರಿಸಿದ್ದಾರೆ. ನೀವು ಓಡುವ ಮೈದಾನವೂ ಅದರೊಳಗೆ ಬರುತ್ತದೆ.

ಶಿಕ್ಷೆ ಮುಗಿಸಿ ಬಂದವರ ಬಗ್ಗೆ ಒಂದು ಮಾತು. 2018ರ ಮಾರ್ಚ್‌ನಲ್ಲಿ ಕೇಪ್‌ಟೌನಿನಲ್ಲಿ ಆಸ್ಟ್ರೇಲಿಯಾದವರು ಚೆಂಡಿಗೆ ಮರಳು ಕಾಗದ ಉಜ್ಜಿ ಸಿಕ್ಕಿಬಿದ್ದರು. ಸ್ಟೀವ್ ಸ್ಮಿತ್ ಒಂದು ವರ್ಷ ಹೊರಗಿದ್ದು ತಿರುಗಿ ಬಂದರು. 2019ರ ಜೂನ್ 9ರಂದು ಲಂಡನ್ನಿನ ಓವಲ್‌ನಲ್ಲಿ ಬೌಂಡರಿ ಹತ್ತಿರ ನಿಂತಾಗ ನಮ್ಮ ಜನ ಅವರನ್ನು ಹೀಯಾಳಿಸಿದರು. ಬ್ಯಾಟ್ ಮಾಡುತ್ತಿದ್ದ ಕೊಹ್ಲಿ ನಮ್ಮ ಜನರ ಕಡೆ ತಿರುಗಿ, ಚಪ್ಪಾಳೆ ತಟ್ಟಿ ಅಂತ ಕೈಸನ್ನೆ ಮಾಡಿದರು. ಸ್ಮಿತ್ ತಪ್ಪು ಒಪ್ಪಿಕೊಂಡಿದ್ದರು, ಎಲ್ಲರ ಮುಂದೆ ಅತ್ತಿದ್ದರು, ಅನುಭವಿಸಿದ್ದರು. ಅಂಥವರನ್ನು ಮತ್ತೆ ಒಳಗೆ ಕರೆಯುವುದು ಅಭಿಮಾನಿಯ ದೊಡ್ಡತನ. ಕ್ರೋನಿಯೆ 2002ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ಅಲ್ಲಿಯ ಟಿವಿ ನಡೆಸಿದ ಮತದಾನದಲ್ಲಿ ಜನ ಅವರನ್ನು ದೇಶದ ಮಹಾನ್ ವ್ಯಕ್ತಿಗಳ ಸಾಲಿನಲ್ಲಿ 11ನೇ ಜಾಗದಲ್ಲಿ ಇಟ್ಟರು. ಅದು ನನಗೆ ಜಾಸ್ತಿ ಆಯಿತು ಅನ್ನಿಸುತ್ತದೆ. ಆದರೆ ಅವರ ಊರವರ ಸಂಕಟ ಅಳೆಯಲು ನಾನ್ಯಾರು. ಕಾಕಾನ ಕ್ಯಾಲೆಂಡರ್ ನೋಡಿದವನು ನಾನು.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ.

*

ಮೂರು ನಾಲ್ಕು ಪ್ರಶ್ನೆ ಬಂದವು. ಆರ್‌ಸಿಬಿ ಬಗ್ಗೆ ಎರಡು, ಬೆಟ್ಟಿಂಗ್ ಆ್ಯಪ್‌ಗಳ ಬಗ್ಗೆ ಒಂದು. ಕೊನೆಗೆ ಟ್ರ್ಯಾಕ್ ಸೂಟ್ ಹುಡುಗಿಯರಲ್ಲಿ ಒಬ್ಬಳು ಎದ್ದು ನಿಂತಳು.

"ಸರ, ಆ ಪೈಲ್ವಾನನ ಹೆಂಡತಿ ಹೆಸರು ಏನ್ರಿ?"

ನನಗೆ ಗೊತ್ತಿರಲಿಲ್ಲ. ಊರಲ್ಲಿ ಎಲ್ಲರೂ ಪೈಲ್ವಾನನ ಹೆಂಡತಿ ಅಂತಲೇ ಕರೆಯುತ್ತಿದ್ದರು. ಕಡಗದ ತೂಕ ನೆನಪಿತ್ತು. ಗೊತ್ತಿಲ್ಲ ಮಗಳೇ ಅಂದೆ. ಅವಳು ಕೂತಳು.

ರಾತ್ರಿ ಊರಿಗೆ ಫೋನ್ ಮಾಡಿ ಅತ್ತಿಗೆಯನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. ಅವರಿಗೂ ನೆನಪಾಗಲಿಲ್ಲ. ನಾಳೆ ಓಣಿಯಲ್ಲಿ ಹಿರಿಯರನ್ನು ಕೇಳಿ ಹೇಳುತ್ತೇನೆ ಅಂದರು.